ಪ್ರಚಾರಕ್ಕೆ ಕಿತ್ತಳೆ: ಫೋನಿನಲ್ಲಿ ಒಂದು, ಕಾಗದದಲ್ಲಿ ಒಂದು, ಬಟ್ಟೆಯಲ್ಲಿ ಇನ್ನೊಂದು. ಏನು ಮಾಡುವುದು?

ಬಿಳಿಹಾಳೆ:
ಯಾವ ಪಕ್ಷಕ್ಕೂ ಸೇರದ ಅಭ್ಯರ್ಥಿಯ ಪ್ರಚಾರಕ್ಕೆ ಬಣ್ಣ ಗೊತ್ತು ಮಾಡಬೇಕಿದೆ. ಕಣದಲ್ಲಿ ಕೆಂಪು, ನೀಲಿ, ಹಸಿರು ಮೂರನ್ನೂ ಬೇರೆಯವರು ಹಿಡಿದಾಗಿದೆ. ಹಾಗಾಗಿ ಕಿತ್ತಳೆ: ಆರ್‌ಜಿಬಿ 255, 128, 0 (ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣ), ಅದರ ಮೇಲೆ ಬಿಳಿ ಅಕ್ಷರ. ಫೋನಿನಲ್ಲಿ ಕಣ್ಣು ಕುಕ್ಕುವಂತಿದೆ. ಕರಪತ್ರದ ಮಾದರಿ ಅಚ್ಚಿನಲ್ಲಿ, ಅಂದರೆ ಪ್ರೂಫ್‌ನಲ್ಲಿ ಮಂಕು, ಪತ್ರಿಕೆ ಜಾಹೀರಾತಿನ ಪ್ರೂಫ್‌ನಲ್ಲಿ ಹೆಚ್ಚುಕಡಿಮೆ ಇಟ್ಟಿಗೆ ಕೆಂಪು. ಟೀ ಶರ್ಟು, ಬಾವುಟ ಇನ್ನೂ ಬಾಕಿ. ಎಲ್ಲ ಕಡೆಯೂ ಒಂದೇ ಬಣ್ಣ ಅನ್ನಿಸುವಂತೆ ಮಾಡುವುದು ಹೇಗೆ? ಜೊತೆಗೆ, "ನೀಲಿ ಅಂದರೆ ನಂಬಿಕೆ, ಕಿತ್ತಳೆ ಅಂದರೆ ಉತ್ಸಾಹ" ಅನ್ನುವ ಪಟ್ಟಿಗಳಿಗೆ ಎಷ್ಟು ಬೆಲೆ ಕೊಡಬೇಕು?

ಕುಂಚಕಡ್ಡಿ:
ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಆ ಪಟ್ಟಿಗಳನ್ನು ಬದಿಗಿಡಿ. ಬಣ್ಣಕ್ಕೆ ಅರ್ಥ ಹತ್ತುವುದು ಅದನ್ನು ಯಾರು ಹಿಡಿದಿದ್ದಾರೆ ಎಂಬುದರಿಂದ. ಬ್ರಿಟನ್ನಿನಲ್ಲಿ ಕೆಂಪು ಲೇಬರ್ ಪಕ್ಷದ್ದು, ನೀಲಿ ಕನ್ಸರ್ವೇಟಿವ್‌ಗಳದ್ದು, ಅಮೆರಿಕದಲ್ಲಿ ತಿರುಗುಮುರುಗು: ಬಲಪಂಥದ ರಿಪಬ್ಲಿಕನ್ನರಿಗೆ ಕೆಂಪು. ಅಲ್ಲೂ ಅದೇನು ಅಜ್ಜನ ಕಾಲದ ಸಂಪ್ರದಾಯವಲ್ಲ. 1980ರಲ್ಲಿ ಎನ್‌ಬಿಸಿಯ ಟೀವಿ ನಕ್ಷೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರೇಗನ್ ಗೆದ್ದ ರಾಜ್ಯಗಳೆಲ್ಲ ನೀಲಿ. ರಿಪಬ್ಲಿಕನ್ನರಿಗೆ ಕೆಂಪು ಅಂಟಿಕೊಂಡದ್ದು 2000ದ ಚುನಾವಣೆಯಲ್ಲಿ, ಫಲಿತಾಂಶ ವಾರಗಟ್ಟಲೆ ತೂಗಾಡಿ ಅದೇ ನಕ್ಷೆಯನ್ನು ಜನ ದಿನವೂ ನೋಡಿದಾಗ. 1986ರಲ್ಲಿ ಫಿಲಿಪ್ಪೀನ್ಸ್‌ನ ಕೊರಜಾನ್ ಅಕೀನೊ ಬೆಂಬಲಿಗರ ಹಳದಿ, 2004ರಲ್ಲಿ ಉಕ್ರೇನಿನ ಯುಶ್ಚೆಂಕೊ ಪಾಳೆಯದ ಕಿತ್ತಳೆ, ಎರಡಕ್ಕೂ ಇದ್ದ ಅನುಕೂಲ ಒಂದೇ: ಒಂದು ತುಂಡು ಬಟ್ಟೆ ಕಟ್ಟಿಕೊಂಡರೆ ಸಾಕು, ಯಾರ ಕಡೆ ಎಂದು ದೂರದಿಂದಲೇ ತಿಳಿಯುತ್ತಿತ್ತು.

ಆದ್ದರಿಂದ ಕೇಳಬೇಕಾದ ಪ್ರಶ್ನೆ "ಇದರ ಅರ್ಥವೇನು" ಅಲ್ಲ, "ಇದು ಖಾಲಿ ಇದೆಯೇ". ಎದುರಾಳಿಗಳ ಪೋಸ್ಟರುಗಳ ನಡುವೆ ನಿಮ್ಮದನ್ನೂ ಇಟ್ಟು ಒಂದು ಚಿತ್ರ ಮಾಡಿ, ಪ್ರತಿಯೊಂದೂ 40 ಪಿಕ್ಸೆಲ್ ಅಗಲಕ್ಕೆ ಬರುವಷ್ಟು ಕುಗ್ಗಿಸಿ, ಮಸುಕು ಮಾಡಿ. ಆಗಲೂ ನಿಮ್ಮದು ಯಾವುದೆಂದು ಬೆರಳಿಡಲು ಬಂದರೆ ಬಣ್ಣ ಸರಿಯಿದೆ. ಕೆಂಪಿನ ಪಕ್ಕ ಕಿತ್ತಳೆ ಅಷ್ಟೇನೂ ಸುರಕ್ಷಿತವಲ್ಲ ಎಂಬುದು ಅಲ್ಲಿಯೇ ಕಾಣುತ್ತದೆ. ಹಳದಿಯ ಕಡೆಗೆ ಸ್ವಲ್ಪ ಸರಿಸಿ.

ಅಚ್ಚುಮೊಳೆ:
ಮೊದಲು ಆ ಬಿಳಿ ಅಕ್ಷರ ತೆಗೆಯಿರಿ. 255, 128, 0 ಮೇಲೆ ಬಿಳಿಯ ಕಾಂಟ್ರಾಸ್ಟ್ (ತಿಳಿ-ಗಾಢ ಅಂತರ) ಬರೀ 2.5:1. ವೆಬ್ ಮಾನದಂಡ ಕೇಳುವುದು ಸಾಮಾನ್ಯ ಅಕ್ಷರಕ್ಕೆ 4.5:1, ದೊಡ್ಡಕ್ಷರಕ್ಕೆ 3:1. ಎರಡಕ್ಕೂ ಇದು ಫೇಲು. ಕಪ್ಪು ಇಟ್ಟರೆ 8.3:1; ಕಡುನೀಲಿ (0, 32, 96) ಇಟ್ಟರೆ 6:1.

ಇನ್ನು ಇಟ್ಟಿಗೆ ಕೆಂಪು. ಅಚ್ಚಿನಲ್ಲಿ ಇರುವುದು ಸಯಾನ್ (ತಿಳಿನೀಲಿ), ಮಜೆಂತಾ (ಕಡುಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಮಸಿ. ಕಿತ್ತಳೆ ಹುಟ್ಟುವುದು ಹಳದಿಯ ಮೇಲೆ ಮಜೆಂತಾ ಬಿದ್ದಾಗ. ಹಳದಿ ಶೇಕಡಾ 100, ಮಜೆಂತಾ ಶೇಕಡಾ 50–55 ಅಂತ ಇಟ್ಟುಕೊಳ್ಳಿ. ಮಜೆಂತಾ ಐದು ಅಂಕ ಆಚೀಚೆಯಾದರೂ ಕಣ್ಣಿಗೆ ಗೊತ್ತಾಗುತ್ತದೆ. ಪತ್ರಿಕೆ ಕಾಗದ ಮಸಿ ಹೀರುತ್ತದೆ, ಬಣ್ಣ ಕಟ್ಟುವ ಸಣ್ಣ ಮಸಿಚುಕ್ಕಿ ಉಬ್ಬುತ್ತದೆ, 50ರ ಚುಕ್ಕಿ ಸುಮಾರು 75ರಂತೆ ಕಾಣುತ್ತದೆ. ಹಳದಿ ಮೊದಲೇ 100 ಇರುವುದರಿಂದ ಅದು ಬೆಳೆಯುವಂತಿಲ್ಲ, ಮಜೆಂತಾ ಮಾತ್ರ ಬೆಳೆಯುತ್ತದೆ. ನುಣುಪು ಕಾಗದಕ್ಕೆ ಮಾಡಿದ ಫೈಲೇ ಪತ್ರಿಕೆಗೂ ಹೋಗಿರಬೇಕು. ಪತ್ರಿಕೆಯವರಿಂದ ಅವರ ಪ್ರೊಫೈಲ್ (ಅವರ ಕಾಗದ, ಮಸಿಯಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಫೈಲು) ತರಿಸಿಕೊಂಡು ಆರ್‌ಜಿಬಿ ಮೂಲದಿಂದ ಮತ್ತೆ ಕನ್ವರ್ಟ್ ಮಾಡಿ. ಅದು ಸಿಗದಿದ್ದರೆ ಮಜೆಂತಾವನ್ನು 35–40ಕ್ಕೆ ಇಳಿಸಿ ಒಂದು ಪ್ರೂಫ್ ನೋಡಿ. ಸಯಾನ್, ಕಪ್ಪು ಎರಡೂ ಸೊನ್ನೆ ಇರಲಿ. ಸಾಫ್ಟ್‌ವೇರ್ ತಾನಾಗಿ ಸೇರಿಸುವ 5ರಷ್ಟು ಸಯಾನ್ ಸಾಕು, ಕಿತ್ತಳೆ ಕೊಳೆಯಾಗಲು.

ಕರಪತ್ರದ ಮಂಕು ಬೇರೆ ವಿಷಯ. ಫೋನಿನ ಆ ಹೊಳಪು ನಾಲ್ಕು ಮಸಿಯಲ್ಲಿ ಹುಟ್ಟುವುದೇ ಇಲ್ಲ. ಎಲ್ಲರೂ ಪರದೆಯಲ್ಲಿ ಆರಿಸಿ ಕಾಗದವನ್ನು ಅದಕ್ಕೆ ಎಳೆಯಲು ಹೋಗುತ್ತಾರೆ. ಉಲ್ಟಾ ಮಾಡಿ: ಅಚ್ಚಿನಲ್ಲಿ ಬರುವ ಅತ್ಯುತ್ತಮ ಕಿತ್ತಳೆಯನ್ನು ಆರಿಸಿ, ಪರದೆಯ ಬಣ್ಣವನ್ನು ಅದಕ್ಕೆ ಇಳಿಸಿ.

ಎರಡೇ ಬಣ್ಣದ ಆಫ್‌ಸೆಟ್ ಕರಪತ್ರವಾದರೆ ಸ್ಪಾಟ್ ಕಿತ್ತಳೆ (ಮೊದಲೇ ಬೆರೆಸಿಟ್ಟ ಒಂದೇ ಮಸಿ), ಕಪ್ಪು ಸಾಕು. ನಾಲ್ಕರ ಬದಲು ಎರಡು ಪ್ಲೇಟು, ಹೊಳಪೂ ಸಿಗುತ್ತದೆ. ಸಣ್ಣ ಅಕ್ಷರವನ್ನು, ಅಂದರೆ 10 ಪಾಯಿಂಟಿಗಿಂತ ಕೆಳಗಿನದನ್ನು, ಬರೀ ಕಪ್ಪಿನಲ್ಲಿ ಓವರ್‌ಪ್ರಿಂಟ್ ಮಾಡಿ, ಅಂದರೆ ಕಿತ್ತಳೆಯ ಮೇಲೆಯೇ ಅಚ್ಚುಹಾಕಿ. ನಾಲ್ಕು ಮಸಿಯ ಕಡುನೀಲಿಯಲ್ಲಿ ಹಾಕಿದರೆ ಪ್ಲೇಟು ಕೂದಲೆಳೆ ಜರುಗಿದರೂ ಅಂಚು ಒಡೆಯುತ್ತದೆ, ಒತ್ತಕ್ಷರಗಳು ಮೊದಲು ಮುಚ್ಚಿಹೋಗುತ್ತವೆ.

ಬಿಳಿಹಾಳೆ:
ಕಡುನೀಲಿ ತಂದರೆ ನೀಲಿಯವರ ಜೊತೆ ಗೊಂದಲ ಆಗುವುದಿಲ್ಲವೇ? ಬಟ್ಟೆಯ ಬಗ್ಗೆಯೂ ಯಾರಾದರೂ ಹೇಳಿ.

ಪರದೆಮಸಿ:
ನೀಲಿ ಅಕ್ಷರಕ್ಕಷ್ಟೇ ಇರಲಿ, ಪಟ್ಟಿಯಾಗಿ, ಹಿನ್ನೆಲೆಯಾಗಿ ಬೇಡ. ಮುಕ್ಕಾಲು ಪಾಲು ಕಿತ್ತಳೆಯೇ ಇದ್ದರೆ ಯಾರೂ ಅದನ್ನು ನೀಲಿ ಪೋಸ್ಟರ್ ಅನ್ನುವುದಿಲ್ಲ. ಆದರೂ ಅನುಮಾನವಿದ್ದರೆ ಕಪ್ಪಿಗೇ ಹೋಗಿ, ಕಾಂಟ್ರಾಸ್ಟೂ ಹೆಚ್ಚು.

ಸ್ಪಾಟ್ ಬಣ್ಣದ ಬಗ್ಗೆ ಅಚ್ಚುಮೊಳೆಯವರ ಮಾತಿಗೆ ಒಂದು ತಕರಾರು. ಡಿಜಿಟಲ್ ಪ್ರೆಸ್ಸು, ಫ್ಲೆಕ್ಸ್ ಯಂತ್ರಗಳಲ್ಲಿ ಬಹುಪಾಲು ಆ ಸ್ಪಾಟ್ ಬಣ್ಣವನ್ನು ತಮ್ಮಲ್ಲಿರುವ ಮಸಿಗಳಿಂದಲೇ ಅನುಕರಿಸುತ್ತವೆ. ಬರೀ ಕರಪತ್ರ ಝಗಮಗಿಸಿ ಉಳಿದದ್ದೆಲ್ಲ ಮಂಕಾದರೆ ಮತ್ತೆ ಎರಡು ಕಿತ್ತಳೆಗಳಾದವು. ಅತಿ ದುರ್ಬಲ ಮಾಧ್ಯಮ ಯಾವುದೋ ಅದನ್ನೇ ಅಳತೆಗೋಲು ಮಾಡಿಕೊಳ್ಳುವುದು ವಾಸಿ. ಹೆಚ್ಚಿನ ಸಲ ಅದು ಬಟ್ಟೆ, ಏಕೆಂದರೆ ಗಿರಣಿಯಲ್ಲಿ ಇರುವ ಛಾಯೆಗಳಲ್ಲೇ ಆರಿಸಬೇಕು.

ಟೀ ಶರ್ಟು: ಹತ್ತಿಯಾದರೆ ತೊಂದರೆ ಕಡಿಮೆ. ಪಾಲಿಯೆಸ್ಟರ್ ಆದರೆ ಎಚ್ಚರ. ಬಟ್ಟೆಗೆ ಅಚ್ಚುಹಾಕುವ ಸಾಧಾರಣ ಪ್ಲಾಸ್ಟಿಸಾಲ್ ಮಸಿ ಗಟ್ಟಿಯಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬೇಕು. ಆ ಬಿಸಿಗೆ ಬಟ್ಟೆಗೆ ಹಾಕಿದ ಬಣ್ಣ (ಡೈ) ಆವಿಯಾಗಿ ಮಸಿಯೊಳಗೆ ಏರುತ್ತದೆ. ಕಿತ್ತಳೆ ಅಂಗಿಯ ಮೇಲಿನ ಬಿಳಿ ಲಾಂಛನ ಅವತ್ತು ಚೆನ್ನಾಗಿದ್ದು ಎರಡು ದಿನಕ್ಕೆ ತಿಳಿಗಿತ್ತಳೆಯಾಗುವುದು ಇದರಿಂದಲೇ. ಡೈ ತಡೆಯುವ ಬೂದು ಪದರ ಕೆಳಗೆ ಹಾಕಿಸಿ, ಇಲ್ಲವೇ 130ರ ಆಸುಪಾಸಿನಲ್ಲಿ ಗಟ್ಟಿಯಾಗುವ ಮಸಿ ಕೇಳಿ. ಲಾಂಛನ ಕಪ್ಪಾದರೆ ಈ ತಲೆನೋವೇ ಇಲ್ಲ. ಬಾವುಟ, ಶಾಲು, ಅಂಗಿ ಎಲ್ಲಕ್ಕೂ ಸ್ಯಾಂಪಲ್ ತುಂಡುಗಳನ್ನು ಬಿಸಿಲಿನಲ್ಲೂ ಟ್ಯೂಬ್‌ಲೈಟಿನಲ್ಲೂ ಒಟ್ಟಿಗಿಟ್ಟು ನೋಡಿ. ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಕೈಕೊಡುತ್ತದೆ.

ಕುಂಚಕಡ್ಡಿ:
ಒಂದು ಬಿಟ್ಟುಹೋಗಿತ್ತು, ವರ್ಣಾಂಧತೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದು. ಉಳಿದೆಡೆ ಪ್ರಮಾಣ ಕಡಿಮೆಯಿದ್ದರೂ ಇದ್ದೇ ಇದೆ. 220, 0, 0 ಕೆಂಪಿಗೂ 0, 128, 0 ಹಸಿರಿಗೂ ಕಾಂಟ್ರಾಸ್ಟ್ ಹೆಚ್ಚುಕಡಿಮೆ 1:1. ಕಪ್ಪು-ಬಿಳುಪು ಜೆರಾಕ್ಸ್‌ನಲ್ಲೂ ಅವೆರಡು ಒಂದೇ ಬೂದಿ ಬಣ್ಣ ಆಗಬಹುದು. ನಿಮ್ಮ ಕಿತ್ತಳೆ ಆ ಹಸಿರಿನಿಂದ 2:1ರಷ್ಟೇ ದೂರ. ಆದ್ದರಿಂದ ಬಣ್ಣದ ಜೊತೆ ಒಂದು ಆಕಾರವನ್ನೂ ಗಟ್ಟಿಮಾಡಿ, ಓರೆಯಾದ ಪಟ್ಟಿಯೋ ದಪ್ಪ ವೃತ್ತವೋ.

ಅಚ್ಚುಮೊಳೆ:
ಬಿಸಿಲಿಗೆ ಮೊದಲು ಸೋಲುವುದು ಹಳದಿ ಮತ್ತು ಮಜೆಂತಾ, ನಿಮ್ಮ ಕಿತ್ತಳೆಯಲ್ಲಿ ಇರುವುದೂ ಅವೆರಡೇ. ನೀಲಿಯವರ ಪೋಸ್ಟರ್ ಇನ್ನೂ ನೀಲಿಯಾಗಿ ಉಳಿದಿರುವಾಗ ನಿಮ್ಮದು ಬಿಳಿಚಿಕೊಂಡಿರುತ್ತದೆ. ಹೊರಗೆ ಹಾಕುವುದಕ್ಕೆ ಯುವಿ ತಡೆಯುವ ಲ್ಯಾಮಿನೇಷನ್ ಮಾಡಿಸಿ, ಇಲ್ಲವೇ ಮತದಾನಕ್ಕೆ ಮುಂಚೆ ಒಮ್ಮೆ ಬದಲಾಯಿಸುವ ಲೆಕ್ಕಕ್ಕೆ ಅಚ್ಚುಹಾಕಿಸಿ. ಎರಡನೇ ಕಂತನ್ನೂ ಅದೇ ಯಂತ್ರದಲ್ಲಿ, ಮೊದಲ ಕಂತಿನ ಒಂದು ಹಾಳೆಯನ್ನು ಕತ್ತಲಲ್ಲಿಟ್ಟು ಉಳಿಸಿಕೊಂಡು, ಅದಕ್ಕೆ ಹೋಲಿಸಿಯೇ ಮಾಡಿಸಿ. ಗೋಡೆಯ ಮೇಲೆ ಮಾಸಿದ ಪೋಸ್ಟರಿಗೆ ಹೋಲಿಸಬೇಡಿ.