ದಿನವಿಡೀ ಲೆಕ್ಕ ಮಾಡುವ ಕಂಪ್ಯೂಟರಿಗೆ ಓವರ್‌ಕ್ಲಾಕ್ ಮಾಡಬಹುದಾದ ಅಗ್ಗದ ಪ್ರೊಸೆಸರ್ ಯಾವುದು?

ಕಡಲಬದಿ, ಸುರತ್ಕಲ್:
ಎಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರುಗಳಿಂದ ವಿಜ್ಞಾನದ ಲೆಕ್ಕ ಮಾಡಿಸುವ ಬೊಯಿಂಕ್ ತಂತ್ರಾಂಶದ ಮೂಲಕ, ಪಲ್ಸಾರ್ ನಕ್ಷತ್ರಗಳನ್ನು ಹುಡುಕುವ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಯ ಲೆಕ್ಕಗಳನ್ನು ಹಗಲಿರುಳು ಮಾಡುವುದಕ್ಕೆಂದೇ ಒಂದು ಕಂಪ್ಯೂಟರ್ ಜೋಡಿಸಬೇಕೆಂದಿದ್ದೇನೆ. ಗ್ರಾಫಿಕ್ಸ್ ಕಾರ್ಡಿಗೆ ಹಣ ಹೊಂದದ ಕಾರಣ ಕೆಲಸವೆಲ್ಲ ಪ್ರೊಸೆಸರಿನ ಮೇಲೆಯೇ ಬೀಳುತ್ತದೆ. ಇಂಟೆಲ್ ಐ3-12100ಎಫ್, ಎಎಂಡಿಯ ರೈಜನ್ 5 5500 ಮತ್ತು ರೈಜನ್ 5 5600 ನನ್ನ ಪಟ್ಟಿಯಲ್ಲಿವೆ. ಅಗ್ಗದ್ದನ್ನು ಕೊಂಡು ಓವರ್‌ಕ್ಲಾಕ್ ಮಾಡಿ (ಕಂಪನಿ ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಿ), ದುಬಾರಿಯದರ ಕೆಲಸವನ್ನು ಅದರಿಂದಲೇ ತೆಗೆಯಬಹುದೇ? ಕಂಪ್ಯೂಟರ್ ಇಡುವ ಕೋಣೆಯಲ್ಲಿ ಎ.ಸಿ. ಇಲ್ಲ.

ಓದುಗ, ಮಣಿಪಾಲ:
ಮೊದಲು 12100ಎಫ್ ಅನ್ನು ಪಟ್ಟಿಯಿಂದ ತೆಗೆಯಿರಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್ ಮತ್ತು ಝಡ್ ಸರಣಿಯ ಚಿಪ್‌ಸೆಟ್ (ಮದರ್‌ಬೋರ್ಡಿನ ನಿಯಂತ್ರಕ ಚಿಪ್) ಎರಡೂ ಇದ್ದರೆ ಮಾತ್ರ ಮಲ್ಟಿಪ್ಲೈಯರ್ (ಮೂಲ ವೇಗವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ) ಏರಿಸಲು ಬರುತ್ತದೆ. ಅಲ್ಲದೆ ಅದರಲ್ಲಿರುವುದು ನಾಲ್ಕೇ ಕೋರ್ (ಲೆಕ್ಕ ಮಾಡುವ ಘಟಕ). ನೀವು ಹೇಳಿದ ಎರಡೂ ರೈಜನ್‌ಗಳಲ್ಲಿ 6 ಕೋರ್, 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ) ಇದ್ದು, ಮಲ್ಟಿಪ್ಲೈಯರ್ ಮುಕ್ತವಾಗಿದೆ. ಆದರೆ ಹಣ ಉಳಿಸಲು ಎ520 ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಕೊಂಡರೆ ಓವರ್‌ಕ್ಲಾಕ್ ಸಾಧ್ಯವಾಗದು. ಬಿ450 ಅಥವಾ ಬಿ550 ಬೇಕು, ಅದರಲ್ಲೂ ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಭಾಗದ ಮೇಲೆ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇರುವಂಥದ್ದನ್ನೇ ಆರಿಸಿ. 5500ರಲ್ಲಿ ಎಲ್3 ಕ್ಯಾಷ್ (ಚಿಪ್ಪಿನೊಳಗಿನ ವೇಗದ ಸ್ಮರಣೆ) 16 ಎಂಬಿ, 5600ರಲ್ಲಿ 32 ಎಂಬಿ. ಈ ಕೊರತೆಯನ್ನು ಎಷ್ಟು ಗಿಗಾಹರ್ಟ್ಸ್ ಏರಿಸಿದರೂ ತುಂಬಿಕೊಳ್ಳಲಾಗದು. ಇನ್ನೊಂದು ಮಾತು: ನಿಮ್ಮ ಪಟ್ಟಿಯ ಮೂರರಲ್ಲೂ ಡಿಸ್‌ಪ್ಲೇ ಸೌಲಭ್ಯವಿಲ್ಲ. ಇನ್‌ಸ್ಟಾಲ್ ಮಾಡುವಷ್ಟು ಹೊತ್ತಿಗೆ ಪರಿಚಯದವರಿಂದ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ತಂದಿಟ್ಟುಕೊಳ್ಳಿ.

ಹಳೆಯ ಸೆಲೆರಾನ್, ಬಿಜೈ:
1998ರ ಸೆಲೆರಾನ್ 300ಎ ಕಾಲದಲ್ಲಿ ನಿಮ್ಮ ಆಲೋಚನೆ ನೂರಕ್ಕೆ ನೂರು ಸರಿಯಾಗಿತ್ತು. ಬಸ್ ವೇಗವನ್ನು (ಮಲ್ಟಿಪ್ಲೈಯರ್ ಗುಣಿಸುವ ಮೂಲ ವೇಗ) 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಈಗ ಕಂಪನಿಯವರೇ ಚಿಪ್ಪಿನ ಶಕ್ತಿಯನ್ನು ಬಹುಪಾಲು ಹಿಂಡಿ ಮಾರುತ್ತಾರೆ, ನಮಗೆ ಉಳಿಯುವುದು ಸ್ವಲ್ಪವೇ. ಚಿಪ್ ಸೆಳೆಯುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ಅನುಗುಣವಾಗಿಯೂ ಏರುತ್ತದೆ. 1.2 ವೋಲ್ಟಿನಲ್ಲಿ 4.2 ಗಿಗಾಹರ್ಟ್ಸ್ ಓಡುವ ಚಿಪ್ಪನ್ನು 1.35 ವೋಲ್ಟ್ ಕೊಟ್ಟು 4.6ಕ್ಕೆ ಏರಿಸಿದಿರೆಂದು ಇಟ್ಟುಕೊಳ್ಳಿ: ವೇಗ ಹೆಚ್ಚುವುದು ಶೇ. 10ಕ್ಕಿಂತ ಕಡಿಮೆ, ವಿದ್ಯುತ್ತು ಹೆಚ್ಚುವುದು ಶೇ. 39ರ ಆಸುಪಾಸು. ಆಟಕ್ಕಾದರೆ ಇದು ದಿನಕ್ಕೆ ಎರಡು ಗಂಟೆಯ ಮಾತು, ನಿಮಗೆ 24 ಗಂಟೆಯದು. ಇಡೀ ಕಂಪ್ಯೂಟರ್ 100 ವ್ಯಾಟ್ ಸೆಳೆದರೆ ತಿಂಗಳಿಗೆ 72 ಯುನಿಟ್, 130 ಸೆಳೆದರೆ ಸುಮಾರು 94 ಯುನಿಟ್ ಆಗುತ್ತದೆ. ಮನೆಗೆ ಗೃಹಜ್ಯೋತಿ ಇದ್ದು, ತಿಂಗಳ ಬಳಕೆ 200 ಯುನಿಟ್ ದಾಟಿತೆಂದರೆ ಮೆಸ್ಕಾಂಗೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಆದ್ದರಿಂದ 5600 ಕೊಳ್ಳಿ, ಬಯಾಸ್‌ನ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪರದೆ) ಕರ್ವ್ ಆಪ್ಟಿಮೈಸರ್‌ನಲ್ಲಿ ಋಣ ಸಂಖ್ಯೆ ಕೊಟ್ಟು ವೋಲ್ಟೇಜ್ ಇಳಿಸಿ. ಅದೇ ಬಿಸಿಯಲ್ಲಿ ಚಿಪ್ ತಾನಾಗಿ ಹೆಚ್ಚು ವೇಗ ಹಿಡಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಂದಿನ ನಿಜವಾದ ಓವರ್‌ಕ್ಲಾಕ್ ಇದೇ.

ಮಲ್ಪೆಯ ಗಾಳಿ, ಉಡುಪಿ:
ಮೇಲಿನವರ ಸಲಹೆಗೆ ನನ್ನ ಒಪ್ಪಿಗೆಯಿದೆ. ಆದರೆ ವೋಲ್ಟೇಜ್ ಇಳಿಸುವುದರಲ್ಲೂ ಅಪಾಯವಿದೆಯೆಂಬುದನ್ನು ಹೇಳಲೇಬೇಕು: ವೋಲ್ಟೇಜ್ ಸಾಲದಾದರೆ ಚಿಪ್ ಲೆಕ್ಕ ತಪ್ಪಬಹುದು. ಐನ್‌ಸ್ಟೈನ್ ಯೋಜನೆಯಲ್ಲಿ ಒಂದೇ ಕೆಲಸವನ್ನು ಬೇರೆಬೇರೆ ಕಂಪ್ಯೂಟರುಗಳಿಗೆ ಕಳುಹಿಸಿ ಉತ್ತರಗಳನ್ನು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಗಂಟೆಗಟ್ಟಲೆ ಸುಟ್ಟ ಕರೆಂಟ್ ವ್ಯರ್ಥ, ಜೊತೆಗೆ ಅದೇ ಕೆಲಸ ಮತ್ತೊಬ್ಬರ ತಲೆಗೆ ಹೋಗುತ್ತದೆ. ಪ್ರೊಸೆಸರಿಗೆ ಪೂರ್ತಿ ಹೊರೆ ಕೊಟ್ಟು ತಪ್ಪು ಹಿಡಿಯುವ ಪ್ರೈಮ್95 ತಂತ್ರಾಂಶದ ಟಾರ್ಚರ್ ಟೆಸ್ಟನ್ನು ಒಂದಿಡೀ ರಾತ್ರಿ ಓಡಿಸಿ. ಅದೂ ಜನವರಿಯ ತಂಪಿನಲ್ಲಷ್ಟೇ ಅಲ್ಲ, ಏಪ್ರಿಲ್ ಮಧ್ಯಾಹ್ನದಲ್ಲಿಯೂ ಓಡಿಸಿ ನೋಡಿ; ಕೋಣೆ ಐದು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಆಚರಣೆಯ ದಿನ) ಕಳೆದು ಮಳೆ ಹಿಡಿಯುವವರೆಗೂ ನಮ್ಮ ಕರಾವಳಿಯ ಕೋಣೆಗಳು ರಾತ್ರಿಯೂ ತಣಿಯುವುದಿಲ್ಲ. ಪೆಟ್ಟಿಗೆಯೊಂದಿಗೆ ಬರುವ ಸಣ್ಣ ಕೂಲರ್ ಬಿಟ್ಟು ಟವರ್ ಕೂಲರ್ (ಎತ್ತರದ ದೊಡ್ಡ ಕೂಲರ್) ಹಾಕಿ.

ಕಡಲಬದಿ, ಸುರತ್ಕಲ್:
ಮೂವರಿಗೂ ಧನ್ಯವಾದಗಳು. 5600 ಮತ್ತು ಬಿ550 ಎಂದು ತೀರ್ಮಾನಿಸಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದಕ್ಕೆ ಯುಪಿಎಸ್ ಕಡ್ಡಾಯವೇ?

ಮಲ್ಪೆಯ ಗಾಳಿ, ಉಡುಪಿ:
ಲೆಕ್ಕದ ಮಟ್ಟಿಗೆ ಕಡ್ಡಾಯವಲ್ಲ. ಕೆಲಸ ಎಲ್ಲಿಗೆ ಬಂದಿದೆಯೆಂಬುದು ಆಗಾಗ ಡಿಸ್ಕಿನಲ್ಲಿ ದಾಖಲಾಗುವುದರಿಂದ ಕೊನೆಯ ಕೆಲವು ನಿಮಿಷಗಳದ್ದು ಮಾತ್ರ ಹೋಗುತ್ತದೆ. ಕರೆಂಟ್ ಬಂದೊಡನೆ ತಾನಾಗಿ ಆನ್ ಆಗುವ ಆಯ್ಕೆ ಬಯಾಸ್‌ನಲ್ಲಿದೆ, ಅದನ್ನು ಹಾಕಿಡಿ. ಸಿಡಿಲಿನ ಸಮಯದಲ್ಲಿ ಮಾತ್ರ ಪ್ಲಗ್ಗನ್ನೂ ರೂಟರಿನಿಂದ ಬರುವ ಕೇಬಲನ್ನೂ ಕಿತ್ತಿಡಿ.