ಮಾಳಿಗೆಯ ಟರ್ನ್‌ಟೇಬಲ್: ಮೊದಲು ಆಂಪ್ಲಿಫಯರ್ ಬದಲಿಸಬೇಕೇ, ಸೂಜಿಯೇ?

ತಂಬೂರಿ ಪೆರ್ಲ

ಎಲ್ಲರಿಗೂ ನಮಸ್ಕಾರ. ಸೋದರಮಾವನ ಸಂಗ್ರಹದ ರೆಕಾರ್ಡುಗಳು ನನ್ನ ಪಾಲಿಗೆ ಬಂದಿವೆ. ಹೆಚ್ಚಿನವು ಶಾಸ್ತ್ರೀಯ ಸಂಗೀತದ ಎಲ್‌ಪಿಗಳು. ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ, ಎಂ.ಎಸ್. ಸುಬ್ಬುಲಕ್ಷ್ಮಿ ಇದ್ದಾರೆ. ಒಂದು ಮರದ ಪೆಟ್ಟಿಗೆಯ ತುಂಬ ಹಳೆಯ ನಾಟಕದ ಹಾಡುಗಳ 78 ಆರ್‌ಪಿಎಂ ತಟ್ಟೆಗಳೂ ಇವೆ.

ನನ್ನ ಬಳಿ ಇರುವುದು ಆಡಿಯೊ-ಟೆಕ್ನಿಕಾದ ಎಲ್‌ಪಿ120ಎಕ್ಸ್ ಯುಎಸ್‌ಬಿ ಟರ್ನ್‌ಟೇಬಲ್, ಅದರ ಜೊತೆಗೇ ಬಂದ ವಿಎಂ95ಇ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿಯನ್ನು ಹಿಡಿದಿರುವ ಭಾಗ), ಎಂಬತ್ತರ ದಶಕದ ಒಂದು ಆಂಪ್ಲಿಫಯರ್, ಆರೂವರೆ ಇಂಚಿನ ವೂಫರ್ ಇರುವ ಒಂದು ಜೊತೆ ಸ್ಪೀಕರ್. ಎಲ್ಲವೂ ಮಾಳಿಗೆಯಲ್ಲಿ ಹಲಸಿನ ಮರದ ಒಂದೇ ಕಪಾಟಿನ ಮೇಲಿವೆ. ಮಾಳಿಗೆಯ ನೆಲ ಹಲಗೆಯದು.

ತೊಂದರೆ ಮೂರು. ಧ್ವನಿಯನ್ನು ಅರ್ಧಕ್ಕಿಂತ ಮೇಲೆ ಏರಿಸಿದರೆ ಕೆಳಸ್ವರಗಳೆಲ್ಲ ಗುಮ್ಮೆಂದು ಒಂದರೊಳಗೊಂದು ಕಲಸಿಹೋಗುತ್ತವೆ. ತಟ್ಟೆಯ ಬದಿ ಮುಗಿಯುತ್ತ ಬಂದಂತೆ ಗಾಯಕರ ತಾನುಗಳು ಹರಿದ ಬಟ್ಟೆಯಂತೆ ಕೇಳುತ್ತವೆ. ಇದಕ್ಕೆಲ್ಲ ಹಿನ್ನೆಲೆಯಾಗಿ ಒಂದು 'ಹುಂ' ಸದ್ದು ಬಿಡದೆ ಇದೆ. ಕೈಯಲ್ಲಿ ಐವತ್ತು ಸಾವಿರ ರೂಪಾಯಿ ಇದೆ. ಹೊಸ ಆಂಪ್ಲಿಫಯರ್ ತೆಗೆದುಕೊಳ್ಳಲೇ, ಬೇರೆ ಕಾರ್ಟ್ರಿಜ್ ಹಾಕಿಸಲೇ, ಅಥವಾ ಟರ್ನ್‌ಟೇಬಲನ್ನೇ ಬದಲಿಸಲೇ?

ಉಪ್ಪಳದ ಕೇಳುಗ

ಆಂಪ್ಲಿಫಯರ್ ಬದಲಿಸಿ. ಅಷ್ಟು ಹಳೆಯ ಯಂತ್ರದ ಕೆಪ್ಯಾಸಿಟರುಗಳು ಒಣಗಿರುತ್ತವೆ. 'ಹುಂ' ಬರುವುದೂ ಅದಕ್ಕೇ, ಕೆಳಸ್ವರ ಸಡಿಲಾಗುವುದೂ ಅದಕ್ಕೇ.

ಮುಳ್ಳೇರಿಯದ ಮಾಷ್ಟ್ರು

ಉಪ್ಪಳದವರು ಹೇಳಿದ್ದಕ್ಕೆ ಆಧಾರವಿದೆ, ಕೆಪ್ಯಾಸಿಟರ್ ಒಣಗುವುದು ನಿಜ. ಆದರೆ ರೋಗ ಯಾವ ಅಂಗದ್ದೆಂದು ತಿಳಿಯುವ ಮೊದಲು ಐವತ್ತು ಸಾವಿರ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಖರ್ಚಿಲ್ಲದ ಪರೀಕ್ಷೆಗಳಿವೆ. ಮಾಡಿ ಬರೆಯಿರಿ.

ಮೊಬೈಲನ್ನು ತಂತಿಯಲ್ಲಿ ಆಂಪ್ಲಿಫಯರಿನ ಆಕ್ಸ್ ಕಿಂಡಿಗೆ ಜೋಡಿಸಿ, ಅದೇ ಗಾಯಕರದ್ದೇ ಏನಾದರೂ ಅಷ್ಟೇ ಧ್ವನಿಯಲ್ಲಿ ಕೇಳಿ. 'ಹುಂ' ಇದೆಯೇ, ಗುಮ್ಮೆನ್ನುತ್ತದೆಯೇ? ಇಲ್ಲವೆಂದಾದರೆ ಆಂಪ್ಲಿಫಯರೂ ಸ್ಪೀಕರೂ ತಪ್ಪಿತಸ್ಥರಲ್ಲ.

ಆಮೇಲೆ ಮೋಟಾರು ನಿಲ್ಲಿಸಿ, ನಿಂತ ತಟ್ಟೆಯ ಮೇಲೆ ಸೂಜಿ ಇಳಿಸಿ. ಸ್ಪೀಕರಿನ ಮುಸುಕು ತೆಗೆದಿಡಿ. ಧ್ವನಿಯನ್ನು ನಿಧಾನವಾಗಿ ಏರಿಸುತ್ತ ಬೆರಳಗೆಣ್ಣಿನಿಂದ ಕಪಾಟನ್ನು ಮೆಲ್ಲನೆ ತಟ್ಟಿ. ಇನ್ನೊಬ್ಬರಿಗೆ ನೆಲದ ಮೇಲೆ ನಡೆಯಲು ಹೇಳಿ, ನೀವು ವೂಫರಿನ ಕೋನನ್ನು ನೋಡುತ್ತಿರಿ. ಎಲ್ಲಿಯಾದರೂ ಕೂಗು ಹಿಡಿದರೆ ಕೂಡಲೇ ಧ್ವನಿ ಇಳಿಸಿ.

'ಹುಂ' ಹುಡುಕಲು ಸೂಜಿ ಎತ್ತಿ, ತೋಳಿನ ಲೋಹದ ಭಾಗವನ್ನು ಮುಟ್ಟಿ. ಸದ್ದು ಹೆಚ್ಚುಕಡಿಮೆಯಾದರೆ ಗ್ರೌಂಡ್ ತಂತಿ ನೋಡಬೇಕು. ಮುಟ್ಟಿದಾಗ ಬದಲಾಗದೆ, ತೋಳು ಆಂಪ್ಲಿಫಯರಿನ ಕಡೆಗೆ ಸರಿದಂತೆಲ್ಲ ಏರುತ್ತಿದ್ದರೆ ಅದರ ಟ್ರಾನ್ಸ್‌ಫಾರ್ಮರನ್ನು ಕಾರ್ಟ್ರಿಜ್ ಹಿಡಿದುಕೊಳ್ಳುತ್ತಿದೆ ಎಂದರ್ಥ.

ಕೊನೆಗೆ, ಸೂಜಿ ತಟ್ಟೆಯನ್ನು ಒತ್ತುವ ತೂಕ. ತೋಳಿನ ಹಿಂದಿನ ಅಂಕಿಗಳನ್ನು ನೆಚ್ಚಬೇಡಿ. ಚಿನ್ನದ ಕೆಲಸದವರು ಇಡುವಂಥ ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ವಿಎಂ95ಇ ಕೇಳುವುದು 2 ಗ್ರಾಂ. 1.8ಕ್ಕಿಂತ ಕಡಿಮೆ ಬೇಡ, 2.2ಕ್ಕಿಂತ ಹೆಚ್ಚೂ ಬೇಡ.

ತಂಬೂರಿ ಪೆರ್ಲ

ಮಾಷ್ಟ್ರೇ, ಎಲ್ಲ ಮಾಡಿದೆ. ಮೊಬೈಲಿನಿಂದ ಕೇಳಿದರೆ ಆಂಪ್ಲಿಫಯರ್ ಶುದ್ಧವಾಗಿದೆ. 'ಹುಂ' ಇಲ್ಲ, ಗುಮ್ಮೆನ್ನುವುದೂ ಇಲ್ಲ.

ಕಪಾಟು ತಟ್ಟಿದಾಗ ಸ್ಪೀಕರಿನಲ್ಲಿ ಡಬ್ ಎಂದು ಕೇಳಿ, ಸದ್ದು ಸ್ವಲ್ಪ ಹೊತ್ತು ಉಳಿಯುತ್ತದೆ. ತಮ್ಮ ಮೆಟ್ಟಿಲು ಹತ್ತಿ ಬಂದಾಗ ಪ್ರತಿ ಹೆಜ್ಜೆಗೂ ವೂಫರಿನ ಕೋನ್ ಒಳಗೆ ಹೋಗಿ ಹೊರಗೆ ಬರುವುದು ಕಣ್ಣಿಗೇ ಕಂಡಿತು. ಹಾಡು ಇಲ್ಲದಾಗ ಅದು ಅಷ್ಟು ಅಲ್ಲಾಡುವುದನ್ನು ನೋಡಿ ಗಾಬರಿಯಾಯಿತು.

ತೋಳು ಮುಟ್ಟಿದರೆ 'ಹುಂ' ಅರ್ಧಕ್ಕೆ ಇಳಿಯುತ್ತದೆ. ಗ್ರೌಂಡ್ ತಂತಿ ಜೋಡಿಸಿಯೇ ಇದೆ, ಆದರೆ ಆಂಪ್ಲಿಫಯರಿನ ಹಿಂದಿನ ತಿರುಪಿನ ಸುತ್ತ ಹಸಿರು ಕಿಲುಬು ಹಿಡಿದಿದೆ. ತೋಳಿನ ಅಂಕಿ 2 ಎನ್ನುತ್ತದೆ, ತಕ್ಕಡಿ 1.5 ಎನ್ನುತ್ತದೆ.

ವಯರಿಂಗ್ ಮಂಜೇಶ್ವರ

ಆ ಕಿಲುಬು ಬಿಡಿಸಿ. ತಿರುಪು ಪೂರ್ತಿ ತೆಗೆದು ನುಣುಪು ಮರಳುಕಾಗದದಿಂದ ಉಜ್ಜಿ, ತಂತಿಯ ತುದಿಯನ್ನು ಹೊಸದಾಗಿ ಕತ್ತರಿಸಿ ಬಿಗಿಯಿರಿ. ಕಡಲು ಇಷ್ಟು ಹತ್ತಿರವಿರುವ ನಮ್ಮ ಊರುಗಳಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾಡಲೇಬೇಕು.

ಇನ್ನೊಂದು ಮಾತು. ಹಲಗೆಯ ನೆಲ ಎಂದಿರಿ, ಹಳೆಯ ಮನೆಯಿರಬೇಕು. ಮಾಳಿಗೆಯ ಪ್ಲಗ್ಗಿಗೆ ಅರ್ತ್ ಬಂದಿದೆಯೇ? ಮೂರು ತೂತು ಕಂಡ ಮಾತ್ರಕ್ಕೆ ಬಂದಿದೆ ಎನ್ನಲಾಗದು. ಎಷ್ಟೋ ಮನೆಗಳಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಯಿಸಿ. ಒಂದೆರಡು ವೋಲ್ಟಿನೊಳಗೆ ಇರಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಗುಂಡಿ ಕೆಲಸಕ್ಕೆ ಬಾರದಂತಾಗುತ್ತದೆ, ಆಗ ಗುಂಡಿಗೆ ನೀರು ಹಾಕಬೇಕು. ಅರ್ತ್ ಇಲ್ಲದ ಪ್ಲಗ್ಗಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಅದು ಮಾಡಬೇಕಾದ ಕೆಲಸ ಪೂರ್ತಿಯಾಗುವುದಿಲ್ಲ. ತುಲಾ ತಿಂಗಳ ಮಧ್ಯಾಹ್ನದ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ.

ಮುಳ್ಳೇರಿಯದ ಮಾಷ್ಟ್ರು

ಹಾಗಾದರೆ ಆಂಪ್ಲಿಫಯರಿನ ತಲೆಯ ಮೇಲಿನ ದೂರು ಹೋಯಿತು. ಈಗ ನಿಮ್ಮ ದುಡ್ಡು ಎಲ್ಲಿಗೆ ಹೋಗಬೇಕೆಂದು ಹೇಳುತ್ತೇನೆ.

ಮೊದಲ ಖರ್ಚು ಗೋಡೆಗೆ. ಸ್ಪೀಕರಿನ ಅಲುಗಾಟ ಕಪಾಟಿಗೆ, ಕಪಾಟಿನದ್ದು ತಟ್ಟೆಗೆ, ತಟ್ಟೆಯದ್ದು ಸೂಜಿಗೆ, ಅಲ್ಲಿಂದ ಮತ್ತೆ ಸ್ಪೀಕರಿಗೆ ಸುತ್ತುತ್ತಿದೆ. ಧ್ವನಿ ಏರಿಸಿದಾಗ ಮಾತ್ರ ಕಲಸಿಹೋಗುವುದು ಇದೇ ಕಾರಣಕ್ಕೆ. ಹಲಗೆಯ ನೆಲ ಬೇರೆ ಹೆಜ್ಜೆಗಳನ್ನೆಲ್ಲ ಕೂಡಿಸುತ್ತಿದೆ. ಕಾರ್ಟ್ರಿಜ್ ಮತ್ತು ತೋಳು ಸೇರಿ ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ಆಸುಪಾಸಿನಲ್ಲಿ ತಾವಾಗಿ ಕಂಪಿಸುವಂತೆ ಇರುತ್ತವೆ. ನಡಿಗೆಯ ಅಲುಗಾಟ ಅಲ್ಲಿಗೆ ಬಹಳ ಹತ್ತಿರ. ಕಿವಿಗೆ ಕೇಳದ ಆ ಅಲುಗಾಟಕ್ಕೆ ಆಂಪ್ಲಿಫಯರಿನ ಶಕ್ತಿ ಸೋರುತ್ತದೆ, ವೂಫರ್ ವ್ಯರ್ಥವಾಗಿ ಓಡಾಡುತ್ತದೆ. ಎರಡು ಪಟ್ಟು ದೊಡ್ಡ ಆಂಪ್ಲಿಫಯರ್ ತಂದಿದ್ದರೂ ಈ ಅಲುಗಾಟ ಹೋಗುತ್ತಿರಲಿಲ್ಲ.

ಟರ್ನ್‌ಟೇಬಲನ್ನು ನೆಲದಿಂದ ಬಿಡಿಸಿ ಗೋಡೆಗೆ ಹೊಡೆದ ಕಬ್ಬಿಣದ ಬ್ರಾಕೆಟ್ ಮೇಲೆ, ದಪ್ಪ ಹಲಗೆಯಲ್ಲಿ ಇಡಿ. ಅದು ಸುಮಾರು 8 ಕಿಲೊ ತೂಗುತ್ತದೆ. ಮುರಕಲ್ಲು ಮೆತ್ತಗಿರುವುದರಿಂದ ಸಣ್ಣ ಪ್ಲಾಸ್ಟಿಕ್ ಪ್ಲಗ್ಗುಗಳು ಕೆಲವೇ ಸಮಯದಲ್ಲಿ ಸಡಿಲಾಗುತ್ತವೆ. ಉದ್ದದ ಬೋಲ್ಟನ್ನು ಸಿಮೆಂಟು ಹಾಕಿಯೇ ಕೂರಿಸಿ. ಮಳೆ ಬಡಿಯುವ ಹೊರಗೋಡೆ ಬೇಡ, ಒಳಗೋಡೆಯನ್ನೇ ಆರಿಸಿ. ಸ್ಪೀಕರುಗಳೂ ಕಪಾಟಿನಿಂದ ಕೆಳಗಿಳಿದು ಬೇರೆ ಸ್ಟ್ಯಾಂಡಿನ ಮೇಲೆ ಬರಲಿ. ರೆಕಾರ್ಡು ನುಡಿಯುವಾಗ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಕಳಚಿಡಿ, ಅದೂ ಸದ್ದನ್ನು ಹಿಡಿಯುತ್ತದೆ.

ಎರಡನೆಯದು, ತೂಕ ಮತ್ತು ಕೋನ. 1.5 ಗ್ರಾಮಿನಲ್ಲಿ ಸೂಜಿ ಗೆರೆಯ ಗೋಡೆಯನ್ನು ಹಿಡಿದುಕೊಳ್ಳಲಾರದೆ ಹಾರಿ ಬಡಿಯುತ್ತದೆ. ತೂಕ ಕಡಿಮೆಯಾದರೆ ತಟ್ಟೆಗೆ ಒಳ್ಳೆಯದೆಂದು ಹಲವರು ನಂಬಿದ್ದಾರೆ. ಸ್ವಲ್ಪ ಹೆಚ್ಚಾದ ತೂಕಕ್ಕಿಂತ ಕಡಿಮೆ ತೂಕವೇ ಗೆರೆಯನ್ನು ಹೆಚ್ಚು ಕೆಡಿಸುತ್ತದೆ. ತಕ್ಕಡಿಯಲ್ಲಿ 2 ಗ್ರಾಂ ಬರುವಂತೆ ಮಾಡಿ, ತೋಳು ಒಳಕ್ಕೆ ಸೆಳೆದುಕೊಳ್ಳದಂತೆ ತಡೆಯುವ ಆಂಟಿಸ್ಕೇಟನ್ನೂ 2ಕ್ಕೆ ಇಡಿ. ಮತ್ತೆ ಕಾರ್ಟ್ರಿಜ್ ಕೂರುವ ಕೋನ ನೋಡುವ ಪ್ರೊಟ್ರ್ಯಾಕ್ಟರ್ ಕಾಗದವನ್ನು ಮುದ್ರಿಸಿ, ನಡುವಿನಿಂದ 66 ಮತ್ತು 121 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲೂ ಕಾರ್ಟ್ರಿಜ್ ನೇರ ಕೂರುವ ತನಕ ತಿರುಪು ಸಡಿಲಿಸಿ ಸರಿಪಡಿಸಿ. ಮುದ್ರಣದ ಅಳತೆ ಸರಿಯಿದೆಯೇ ಎಂದು ಸ್ಕೇಲಿಟ್ಟು ನೋಡಿದ ಮೇಲೆಯೇ ಕೆಲಸಕ್ಕೆ ಕೈಹಾಕಿ.

ಇಷ್ಟು ಮಾಡಿ ಕೇಳಿ. ಸೂಜಿಯ ಮಾತು ಆಮೇಲೆ.

ತಂಬೂರಿ ಪೆರ್ಲ

ತಿರುಪು ಉಜ್ಜಿ ಬಿಗಿದ ಮೇಲೆ 'ಹುಂ' ಬಹುತೇಕ ಹೋಯಿತು. ಮಂಜೇಶ್ವರದ ಅಣ್ಣ ಹೇಳಿದಂತೆ ಅಳೆಯಿಸಿದಾಗ ಮಾಳಿಗೆಯ ಪ್ಲಗ್ಗಿಗೆ ಅರ್ತ್ ತಂತಿಯೇ ಇರಲಿಲ್ಲ. ಕೆಳಗಿನಿಂದ ಎಳೆಸಿದೆವು. ಬ್ರಾಕೆಟ್ ಹಾಕಿದ ಗೋಡೆ ಆಂಪ್ಲಿಫಯರಿನಿಂದ ದೂರ, ನಾಲ್ಕು ಮೀಟರ್ ತಂತಿ ಬೇಕಾಯಿತು. ಈಗ ಎಷ್ಟು ಏರಿಸಿದರೂ ತಬಲಾದ ಬಾಯಾಂ ಬೇರೆ, ತಂಬೂರಿ ಬೇರೆ ಎಂದು ಬಿಡಿಬಿಡಿಯಾಗಿ ಕೇಳುತ್ತದೆ.

ಹರಿಯುವ ಸದ್ದೂ ಕಡಿಮೆಯಾಗಿದೆ, ಆದರೆ ಕೊನೆಯ ಮೂರು ನಾಲ್ಕು ನಿಮಿಷ ಇನ್ನೂ ಇದೆ. ಜೊತೆಗೆ 'ಸ'ಕಾರ ಮೊದಲಿಗಿಂತ ಚೂಪಾದಂತಿದೆ. ಇದು ನನ್ನ ಭ್ರಮೆಯೇ?

ಮುಳ್ಳೇರಿಯದ ಮಾಷ್ಟ್ರು

ಭ್ರಮೆಯಲ್ಲ. ಆ ನಾಲ್ಕು ಮೀಟರ್ ತಂತಿಯನ್ನು ಆಂಪ್ಲಿಫಯರಿನಲ್ಲಿ ರೆಕಾರ್ಡಿಗೆಂದೇ ಇರುವ ಫೋನೊ ಕಿಂಡಿಗೆ ಹಾಕಿದ್ದೀರಲ್ಲವೇ? ತಂತಿಯೂ ಕೆಪ್ಯಾಸಿಟರಿನಂತೆ ಸ್ವಲ್ಪ ವಿದ್ಯುತ್ತನ್ನು ಹಿಡಿದಿಡುತ್ತದೆ; ಮಾಮೂಲಿ ತಂತಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ (ಅದರ ಅಳತೆ) ಹಿಡಿದರೆ ನಾಲ್ಕು ನೂರಾಯಿತು, ಆಂಪ್ಲಿಫಯರಿನದ್ದು ಬೇರೆ. ವಿಎಂ95 ಬಯಸುವುದು 100ರಿಂದ 200. ಮೀರಿದರೆ ಮೇಲ್ಸ್ವರಗಳಲ್ಲಿ ಒಂದು ಉಬ್ಬು ಬರುತ್ತದೆ, ಅದೇ ನಿಮ್ಮ ಚೂಪು. ಟರ್ನ್‌ಟೇಬಲಿನ ಹಿಂದೆ ಇರುವ ಸ್ವಿಚ್ಚನ್ನು ಲೈನ್ ಕಡೆಗೆ ತಳ್ಳಿ, ತಂತಿಯನ್ನು ಆಕ್ಸ್ ಕಿಂಡಿಗೆ ಹಾಕಿ. ಆಗ ಸೂಜಿಯ ಸಣ್ಣ ಸಂಕೇತವನ್ನು ಹಿಗ್ಗಿಸುವ ಒಳಗಿನ ಪ್ರಿಆಂಪ್ ಕೆಲಸ ಮಾಡುತ್ತದೆ, ಉದ್ದದ ತಂತಿ ಬಾಧಿಸುವುದಿಲ್ಲ. ಲೈನ್‌ನಲ್ಲಿಟ್ಟು ಫೋನೊ ಕಿಂಡಿಗೆ ಮಾತ್ರ ಎಂದಿಗೂ ಹಾಕಬೇಡಿ. ತಟ್ಟೆ ಕೊರೆಯುವಾಗ ಕೆಳಸ್ವರವನ್ನು ತಗ್ಗಿಸಿ ಮೇಲ್ಸ್ವರವನ್ನು ಎತ್ತಿರುತ್ತಾರೆ. 1954ರಿಂದ ಇದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ಬಂದಿದೆ. ಪ್ರಿಆಂಪ್ ಅದನ್ನು ತಿರುಗುಮುರುಗು ಮಾಡಿ, 20 ಹರ್ಟ್ಸ್ ಬಳಿ ಸುಮಾರು 20 ಡೆಸಿಬೆಲ್ ಏರಿಸುತ್ತದೆ. ಇದೇ ಕೆಲಸ ಎರಡು ಸಲ ನಡೆದರೆ ಏನಾಗುತ್ತದೆಂದು ನೀವೇ ಊಹಿಸಿ.

ಈಗ ಕೊನೆಯ ನಿಮಿಷಗಳ ವಿಚಾರ. 33⅓ ವೇಗದಲ್ಲಿ ತಟ್ಟೆಯ ಹೊರಅಂಚಿನ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಒಳಗಿನ ಕೊನೆಯ ಗೆರೆ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಒತ್ತಿಕೊಂಡು ಕುಳಿತಿರುತ್ತದೆ. 10,000 ಹರ್ಟ್ಸಿನ ಒಂದು ಅಲೆಗೆ ಅಲ್ಲಿ ಸಿಗುವುದು 21 ಮೈಕ್ರಾನ್ ಜಾಗ. ನಿಮ್ಮ ಎಲಿಪ್ಟಿಕಲ್ ಸೂಜಿಯ ಪಕ್ಕದ ದುಂಡಗೆ 7.6 ಮೈಕ್ರಾನ್ ತ್ರಿಜ್ಯ, ಆ ಸಣ್ಣ ತಿರುವಿಗೆ ಅದು ಇಳಿಯಲಾರದು. ಖಯಾಲಿನ ತಟ್ಟೆಗಳಲ್ಲಿ ಇದು ಹೆಚ್ಚು ನೋಯಿಸುತ್ತದೆ. ವಿಲಂಬಿತದ ಆಲಾಪ ಹೊರಅಂಚಿನ ವಿಶಾಲ ಜಾಗದಲ್ಲಿ ಬರುತ್ತದೆ, ದ್ರುತದ ಜೋರಾದ ತಾನುಗಳೆಲ್ಲ ಒಳಗಿನ ಇಕ್ಕಟ್ಟಿನಲ್ಲಿ ಬರುತ್ತವೆ. ಹಾಗಾಗಿ ಸಿನಿಮಾ ಹಾಡು ಕೇಳುವವರಿಗಿಂತ ಮನ್ಸೂರರನ್ನು ಕೇಳುವ ನಿಮಗೆ ಒಳ್ಳೆಯ ಸೂಜಿಯ ಅಗತ್ಯ ಹೆಚ್ಚು. ಇದನ್ನು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತೇನೆ.

ಕಾರ್ಟ್ರಿಜ್ ಬದಲಿಸಬೇಕಾಗಿಲ್ಲ. ವಿಎಂ95 ಸರಣಿಯ ಒಡಲು ಒಂದೇ, ಸೂಜಿಗಳು ಬೇರೆ ಬೇರೆ. ಮೈಕ್ರೊಲೀನಿಯರ್ ಎನ್ನುವ ಎಂಎಲ್ ಸೂಜಿ ತರಿಸಿ, ಎಳೆದು ತೆಗೆದು ಒತ್ತಿ ಹಾಕಿದರೆ ಆಯಿತು. ಅದರ ಪಕ್ಕದ ತ್ರಿಜ್ಯ ಸುಮಾರು 3 ಮೈಕ್ರಾನ್. ಆಯುಸ್ಸೂ ಹೆಚ್ಚು. ತಯಾರಕರ ಲೆಕ್ಕದಲ್ಲಿ ಎಲಿಪ್ಟಿಕಲ್ 300 ಗಂಟೆ, ಎಂಎಲ್ ಸಾವಿರ ಗಂಟೆ.

ಉಪ್ಪಳದ ಕೇಳುಗ

ಆಂಪ್ಲಿಫಯರಿನ ಬಗ್ಗೆ ಮಾಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಒಳಗಿನ ಪ್ರಿಆಂಪಿಗೇ ತೃಪ್ತಿಪಡಬೇಕೇ? ನಾನು ಬೇರೆ ಫೋನೊ ಪ್ರಿಆಂಪ್ ಹಾಕಿದಾಗ ತಂಬೂರಿಯ ಹಿಂದಿನ ಮೌನ ಹೆಚ್ಚಾಯಿತು.

ಮುಳ್ಳೇರಿಯದ ಮಾಷ್ಟ್ರು

ಮುಂದಿನ ಖರೀದಿ ಅದೇ ಆಗಲಿ. ಕಿವಿಗೆ ಕೇಳದ ಆ ಅಲುಗಾಟವನ್ನು ತಡೆಯುವ ರಂಬಲ್ ಫಿಲ್ಟರ್ ಇರುವುದನ್ನೇ ಆರಿಸಿ, ಟರ್ನ್‌ಟೇಬಲಿನ ಪಕ್ಕದಲ್ಲೇ ಇಟ್ಟು ಗಿಡ್ಡ ತಂತಿಯಿಂದ ಜೋಡಿಸಿ. ಸೂಜಿಯೇ ಎತ್ತದ ಸ್ವರವನ್ನು ಪ್ರಿಆಂಪ್ ಎಲ್ಲಿಂದಲೂ ತರಲಾರದು, ಆದ್ದರಿಂದ ಸೂಜಿ ಮೊದಲು.

ತಂಬೂರಿ ಪೆರ್ಲ

ಎಂಎಲ್ ಸೂಜಿ ಬಂತು. ದ್ರುತದ ಕೊನೆಯ ತಾನು ಇಡಿಯಾಗಿ ಕೇಳಿತು! ಒಂದೆರಡು ತಟ್ಟೆಗಳಲ್ಲಿ ಮಾತ್ರ ಇನ್ನೂ ಒರಟು ಉಳಿದಿದೆ. ಬೂಷ್ಟು ಹಿಡಿದವೂ ಕೆಲವಿವೆ. ಹಣ ಅರ್ಧದಷ್ಟು ಮಿಕ್ಕಿದೆ. 78ರ ತಟ್ಟೆಗಳನ್ನು ಇದೇ ಸೂಜಿಯಲ್ಲಿ ಕೇಳಬಹುದೇ?

ಮುಳ್ಳೇರಿಯದ ಮಾಷ್ಟ್ರು

ಒರಟು ಉಳಿದವು ಹಿಂದೆ ಭಾರದ ಸೂಜಿಯಲ್ಲಿ ಸವೆದ ತಟ್ಟೆಗಳಿರಬೇಕು, ಅವಕ್ಕೆ ಮದ್ದಿಲ್ಲ. ಬೂಷ್ಟಿಗೆ ಡಿಸ್ಟಿಲ್ಡ್ ನೀರು, ಮೃದು ಬ್ರಷ್ಷು, ಗೆರೆಯ ದಿಕ್ಕಿನಲ್ಲೇ ಒರೆಸುವುದು. ನೀರು ಲೇಬಲಿಗೆ ತಾಗಬಾರದು. ಪೂರ್ತಿ ಒಣಗಿದ ಮೇಲೆ ಹೊಸ ಒಳಚೀಲದಲ್ಲಿ ಹಾಕಿ ನೆಟ್ಟಗೆ ನಿಲ್ಲಿಸಿ.

78ಕ್ಕೆ ಎಂಎಲ್ ಖಂಡಿತ ಬೇಡ. ಆ ಗೆರೆ ಅಗಲ, ಸಣ್ಣ ಸೂಜಿ ಅದರ ತಳದ ಕೊಳೆಯಲ್ಲಿ ಜಾರಾಡುತ್ತದೆ. ಅದೇ ಸರಣಿಯಲ್ಲಿ 78ಕ್ಕೆಂದೇ ಎಸ್‌ಪಿ ಸೂಜಿ ಇದೆ, ತುದಿ 3 ಮಿಲ್ (ಇಂಚಿನ ಸಾವಿರ ಭಾಗಗಳಲ್ಲಿ ಮೂರು), ಒತ್ತುವ ತೂಕ ಸುಮಾರು 5 ಗ್ರಾಂ. ನಿಮ್ಮ ತೋಳಿನ ಹಿಂಬದಿಯ ತೂಕ ಅಷ್ಟಕ್ಕೆ ಬರುತ್ತದೆಯೇ ಎಂದು ತಕ್ಕಡಿಯಲ್ಲಿ ನೋಡಿಕೊಂಡು ತರಿಸಿ. ಆ ತಟ್ಟೆಗಳು ಅರಗಿನವು, ಸ್ಪಿರಿಟ್ ಅಥವಾ ಆಲ್ಕೊಹಾಲ್ ಬೆರೆತ ಯಾವ ದ್ರವವನ್ನೂ ತಾಗಿಸಬಾರದು, ಮೇಲ್ಮೈಯೇ ಕರಗುತ್ತದೆ. 1954ಕ್ಕಿಂತ ಹಿಂದಿನವುಗಳಿಗೆ ಕಂಪೆನಿಗೊಂದು ಅಳತೆಯಿತ್ತು, ಆದ್ದರಿಂದ ಕೆಲವು ಮಂಕಾಗಿ ಕೇಳಿದರೆ ಆಂಪ್ಲಿಫಯರಿನ ಟ್ರೆಬಲ್ ಸ್ವಲ್ಪ ಏರಿಸಿಕೊಳ್ಳಿ. ಮತ್ತೆ ಎಲ್‌ಪಿಗೆ ಮರಳುವಾಗ ತೂಕ 2 ಗ್ರಾಮಿಗೆ ಇಳಿದಿದೆ ಎಂದು ತಕ್ಕಡಿ ತೋರಿಸುವ ತನಕ ಎಂಎಲ್ ಸೂಜಿಯನ್ನು ತಟ್ಟೆಯ ಮೇಲೆ ಇಳಿಸಬೇಡಿ.