ಟ್ರೈಪಾಡ್ ಮೇಲೆ '10 ಕೆಜಿ ತಡೆಯುತ್ತೆ' ಅಂತ ಬರೆದಿದ್ದರೆ ನಂಬಬಹುದಾ?

ಹುಣಸೆಮರದ_ಹಕ್ಕಿ (ತುಮಕೂರು):

ಎಲ್ಲರಿಗೂ ನಮಸ್ಕಾರ. ರಜೆ ಸಿಕ್ಕಿದರೆ ಶಿರಾ ಹತ್ತಿರದ ಕಗ್ಗಲಡುಗೆ ಹೋಗಿಬಿಡುತ್ತೇನೆ, ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವಲ್ಲ, ಅದನ್ನು ನೋಡೋಕೆ. ಇಷ್ಟು ದಿನ 150-600 ಮಿ.ಮೀ ಜೂಮ್ ಲೆನ್ಸನ್ನು ಕೈಯಲ್ಲೇ ಹಿಡಿದು ತೆಗೆದೆ. ಲೆನ್ಸ್ ಒಂದೇ ಹತ್ತಿರ ಹತ್ತಿರ 2 ಕೆಜಿ, ಕ್ಯಾಮೆರಾ ಸೇರಿದರೆ ಎರಡೂಮುಕ್ಕಾಲು. ಮರಿಗೆ ತಾಯಿ ಗುಟುಕು ಕೊಡುವ ಹೊತ್ತಿಗೆ ಸರಿಯಾಗಿ ತೋಳು ಸೋತು ಕೆಳಗಿಳಿಸಿರುತ್ತೇನೆ.

ಅದಕ್ಕೇ ಟ್ರೈಪಾಡ್ ಹುಡುಕುತ್ತಿದ್ದೇನೆ. ಎರಡು ಆರಿಸಿಟ್ಟಿದ್ದೇನೆ. ಮೊದಲನೆಯದು 10 ಕೆಜಿ ತಡೆಯುತ್ತದೆ ಅಂತಾರೆ, 65 ಇಂಚು ಎತ್ತರ, ತನ್ನ ತೂಕ 1.2 ಕೆಜಿ, ಸಾವಿರಾರು ಜನ ಐದು ಸ್ಟಾರ್ ಕೊಟ್ಟಿದ್ದಾರೆ. ಎರಡನೆಯದು 8 ಕೆಜಿ ಅಷ್ಟೇ, ತೂಕ 1.9 ಕೆಜಿ, ಬೆಲೆ ಹೆಚ್ಚುಕಡಿಮೆ ಎರಡರಷ್ಟು, ವಿಮರ್ಶೆಗಳೂ ಕಡಿಮೆ. ಕಾಗದದ ಮೇಲೆ ಮೊದಲನೆಯದೇ ಗೆಲ್ಲುತ್ತದೆ ಅಲ್ವಾ? ಆದರೂ ಯಾಕೋ ಧೈರ್ಯ ಬರುತ್ತಿಲ್ಲ. ಕೈಯಲ್ಲಿ ಮುಟ್ಟದೆ ಹೇಗೆ ಅಳೆಯೋದು?

ದುರ್ಗದ_ಬೆಳಗು:

ಗುರು, ಆ 10 ಕೆಜಿಯನ್ನು ಮೊದಲು ಪಕ್ಕಕ್ಕಿಡಿ. ಭಾರ ತಡೆಯುವ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಪರೀಕ್ಷೆ ಅಂತ ಇಲ್ಲ. ಒಬ್ಬರು ಕಾಲು ಮುರಿಯದೆ ನಿಂತರೆ ಸಾಕು ಅಂತ ಬರೆಯುತ್ತಾರೆ, ಇನ್ನೊಬ್ಬರು ಅಲ್ಲಾಡದೆ ನಿಲ್ಲುವುದನ್ನು ಲೆಕ್ಕ ಹಿಡಿಯುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು. ಮುರಿಯದೆ ನಿಂತು ನಡುಗುತ್ತಿದ್ದರೆ ಫೋಟೋಗೆ ಏನು ಪ್ರಯೋಜನ?

ನೋಡಬೇಕಾದದ್ದು ಕಾಲಿನ ಕೊಳವೆಯ ದಪ್ಪ, ಎಷ್ಟು ತುಂಡು, ಟ್ರೈಪಾಡಿನ ಸ್ವಂತ ತೂಕ. ಮೇಲಿನ ತುಂಡು 22 ಮಿ.ಮೀ ಇದ್ದು ನಾಲ್ಕು ತುಂಡಿನ ಕಾಲಾದರೆ ಒಂದೊಂದಕ್ಕೂ ಸುಮಾರು 3 ಮಿ.ಮೀ ಇಳಿದು ಕೊನೆಯದು 13 ಮಿ.ಮೀ ಆಗುತ್ತದೆ, ಕಿರುಬೆರಳಿನಷ್ಟು. ನಿಮ್ಮ ಲೆನ್ಸಿನ ಭಾರವೆಲ್ಲ ಆ ಕಿರುಬೆರಳಿನ ಮೇಲೆ. ಅದೇ ಲೋಹ, ಅದೇ ಗೋಡೆ ದಪ್ಪ ಇಟ್ಟುಕೊಂಡು ಕೊಳವೆಯನ್ನು 22ರಿಂದ 28ಕ್ಕೆ ಹೆಚ್ಚಿಸಿದರೆ ಬಾಗದೆ ನಿಲ್ಲುವ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ಈ ದಪ್ಪವನ್ನೇ ಬರೆಯದೆ ಬರೀ ಕೆಜಿ ಬರೆದಿದ್ದರೆ ನಾನಂತೂ ಮುಂದಕ್ಕೆ ಹೋಗುತ್ತೇನೆ.

ಎತ್ತರದ್ದೂ ಹಾಗೇ. 65 ಇಂಚು ಅಂದರೆ ಸಾಮಾನ್ಯವಾಗಿ ನಡುವಿನ ಕಂಬವನ್ನು ಪೂರ್ತಿ ಎತ್ತಿದ ಮೇಲೆ ಬರುವ ಲೆಕ್ಕ. ಕಂಬ ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕೋಲು ನಿಲ್ಲಿಸಿ ಅದರ ತುದಿಗೆ ಕ್ಯಾಮೆರಾ ಕಟ್ಟಿದ ಹಾಗೆ. ಕಂಬ ಇಳಿಸಿದಾಗ ಎಷ್ಟು ಎತ್ತರ ಅಂತ ಬರೆದಿದ್ದಾರಾ ನೋಡಿ. ನೀವು ಐದಡಿ ಎಂಟಿಂಚು ಇದ್ದರೆ, ಕಣ್ಣಿನ ಎತ್ತರದಿಂದ ಹೆಡ್ಡು (ಕಾಲುಗಳ ಮೇಲೆ ಕ್ಯಾಮೆರಾ ಹಿಡಿದು ತಿರುಗಿಸುವ ಭಾಗ), ಕ್ಯಾಮೆರಾ ಎರಡರ ಎತ್ತರ ಕಳೆದು ಸುಮಾರು 140 ಸೆಂ.ಮೀ ಸಾಕು. ಆದರೆ ನೀವು ಮರದ ಮೇಲಕ್ಕೆ ನೋಡುವವರು! ಲೆನ್ಸ್ ಮೇಲಕ್ಕೆ ತಿರುಗಿಸಿದಷ್ಟೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕೆಳಗಿಳಿಯುತ್ತದೆ, ಬೆನ್ನು ಬಗ್ಗಿಸಬೇಕಾಗುತ್ತದೆ. ಇನ್ನೊಂದು 10-15 ಸೆಂ.ಮೀ ಜಾಸ್ತಿ ಇದ್ದರೆ ಒಳ್ಳೆಯದು.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ದೇವರಾಯನದುರ್ಗದಲ್ಲಿ ಒಂದು ರಾತ್ರಿ ನಕ್ಷತ್ರ ತೆಗೆಯುತ್ತಿದ್ದೆ, 20 ಸೆಕೆಂಡಿನ ಎಕ್ಸ್‌ಪೋಷರ್, ಅಂದರೆ ಅಷ್ಟು ಹೊತ್ತೂ ಶಟರ್ ತೆರೆದೇ ಇರುತ್ತದೆ. ಬೆಟ್ಟದ ಮೇಲೆ ಗಾಳಿ ಗೊತ್ತಲ್ಲ. ಪ್ರತಿ ಫೋಟೋದಲ್ಲೂ ಚುಕ್ಕಿಗಳು ಜೋಡಿ ಜೋಡಿ. ಫೋಕಸ್ ತಪ್ಪಿರಬೇಕು ಅಂತ ಒಂದು ಗಂಟೆ ಅದನ್ನೇ ತಿದ್ದಿದೆ. ಆಮೇಲೆ ಟಾರ್ಚ್ ಹಾಕಿ ನೋಡಿದರೆ ಒಂದು ಕಾಲಿನ ಪ್ಲಾಸ್ಟಿಕ್ ಲಾಕಿನಲ್ಲಿ ಕೂದಲೆಳೆಯಷ್ಟು ಬಿರುಕು, ಕೊನೆಯ ತುಂಡು ಒಂಚೂರು ಒಂಚೂರೇ ಒಳಗೆ ಜಾರುತ್ತಿತ್ತು. ಅದರ ಡಬ್ಬದ ಮೇಲೂ ದೊಡ್ಡ ಅಕ್ಷರದಲ್ಲಿ ಕೆಜಿ ಬರೆದಿತ್ತು.

ಅಂತರಗಂಗೆ_ಮೆಟ್ಟಿಲು (ಕೋಲಾರ):

ಅಣ್ಣ ಅಂಕಿಗಳ ಬಗ್ಗೆ ಹೇಳಿದ್ದು ಸರಿ. ವಿಮರ್ಶೆ ಓದೋದರ ಬಗ್ಗೆ ನಾನು ಹೇಳುತ್ತೇನೆ, ನಾನು ಕೊಳ್ಳುವ ಮುಂಚೆ ನೂರಾರು ಓದಿದವಳು.

ಐದು ಸ್ಟಾರಿನವರಲ್ಲಿ ಬಹಳ ಜನ ಡಬ್ಬ ತೆರೆದ ದಿನವೇ ಬರೆದಿರುತ್ತಾರೆ. 'ಸೂಪರ್, ಬ್ಯಾಗ್ ಕೂಡ ಕೊಟ್ಟಿದ್ದಾರೆ' ಅಂತ. ಒಂದು ಸ್ಟಾರಿನವರಲ್ಲಿ ಕೆಲವರಿಗೆ ಪಾರ್ಸೆಲ್ ತಡವಾದ ಸಿಟ್ಟು. ಎರಡರಿಂದಲೂ ನಿಮಗೆ ಏನೂ ತಿಳಿಯುವುದಿಲ್ಲ. ಮೂರು ಸ್ಟಾರಿನವರನ್ನು ಓದಿ, ಅವರು ಇಷ್ಟವಾದದ್ದನ್ನೂ ಕೈಕೊಟ್ಟಿದ್ದನ್ನೂ ಬಿಡಿಸಿ ಹೇಳುತ್ತಾರೆ. ಹೊಸದು ಮೊದಲು ಬರುವ ಹಾಗೆ ಜೋಡಿಸಿಕೊಂಡು ಓದಿ, ಯಾಕೆಂದರೆ ಮೊದಲಿನ ಮಾಲು ಚೆನ್ನಾಗಿದ್ದು ಆಮೇಲಿನದು ಸಡಿಲ ಆಗಿರಬಹುದು.

ಇನ್ನೊಂದು ಮುಖ್ಯ. ಅವರು ಮೇಲೆ ಏನು ಕೂರಿಸಿದ್ದಾರೆ? ಮೊಬೈಲ್ ಕೂರಿಸಿ 'ಕಲ್ಲಿನ ಹಾಗೆ ನಿಂತಿದೆ' ಅಂದರೆ ಅದು ನಿಜವೇ, ಆದರೆ ನಿಮ್ಮ ಎರಡೂಮುಕ್ಕಾಲು ಕೆಜಿಗೆ ಆ ಮಾತು ಅನ್ವಯಿಸುವುದಿಲ್ಲ. ಕೆಲವು ಕಡೆ ಒಂದೇ ಪುಟದಲ್ಲಿ ಚಿಕ್ಕದು ದೊಡ್ಡದು ಎಲ್ಲ ಮಾಡೆಲ್‌ಗಳ ವಿಮರ್ಶೆಯೂ ಸೇರಿಕೊಂಡಿರುತ್ತದೆ. ಯಾವ ಮಾಡೆಲ್ ಅಂತ ಹೆಸರಿನ ಕೆಳಗೆ ಸಣ್ಣದಾಗಿ ಇರುತ್ತದೆ, ನೋಡಿ.

ಬೇರೆ ಬೇರೆ ತಿಂಗಳಲ್ಲಿ ಬರೆದ ನಾಲ್ಕು ಜನ ಒಂದೇ ಭಾಗದ ಹೆಸರು ಹೇಳಿದರೆ, ಉದಾಹರಣೆಗೆ ಪ್ಲೇಟಿನ (ಕ್ಯಾಮೆರಾಗೋ ಲೆನ್ಸಿಗೋ ಸಿಕ್ಕಿಸಿ ಹೆಡ್ಡಿನಲ್ಲಿ ಕೂರಿಸುವ ಚಪ್ಪಟೆ ತುಂಡು) ತಿರುಪು ಅಂತಲೇ ಇಟ್ಟುಕೊಳ್ಳಿ, ಅದು ಅವರ ದುರದೃಷ್ಟ ಅಲ್ಲ, ಮಾಡಿದ್ದೇ ಹಾಗೆ. ಜನ ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ಮೂರು ಕಾಲು ಸೇರುವ ಜಾಗ ನೋಡಿ. ಅದು ಲೋಹವೋ ಪ್ಲಾಸ್ಟಿಕ್ಕೋ ಅಂತ ಕಂಪನಿಯ ಫೋಟೋದಲ್ಲಿ ಗೊತ್ತಾಗೋದಿಲ್ಲ, ಮನೆಯ ಟ್ಯೂಬ್‌ಲೈಟಿನ ಬೆಳಕಲ್ಲಿ ತೆಗೆದ ಫೋಟೋದಲ್ಲಿ ಗೊತ್ತಾಗುತ್ತದೆ.

ಸ್ಟುಡಿಯೋ_ಕ್ಯಾತ್ಸಂದ್ರ:

ನಾನು ಮದುವೆ ಕೆಲಸ ಮಾಡುವವನು, ವರ್ಷವಿಡೀ ಟ್ರೈಪಾಡ್ ಮಡಿಸಿ ಬಿಡಿಸಿ ಮಾಡುತ್ತೇನೆ. ಎರಡೇ ಮಾತು ಸೇರಿಸುತ್ತೇನೆ. ಹೆಡ್ಡನ್ನು ಕಾಲಿನಿಂದ ಬಿಚ್ಚೋಕೆ ಬರುತ್ತಾ ನೋಡಿ, ಬಂದರೆ ಮುಂದೆ ಹೆಡ್ ಒಂದನ್ನೇ ಬದಲಿಸಬಹುದು. ಉದ್ದ ಲೆನ್ಸನ್ನು ಬಾಲ್ ಹೆಡ್ (ಗುಂಡಿನ ಮೇಲೆ ಎಲ್ಲ ಕಡೆಗೂ ತಿರುಗುವ ಹೆಡ್) ಮೇಲಿಟ್ಟು ಲಾಕ್ ಸಡಿಲ ಬಿಟ್ಟರೆ ಪಟ್ಟನೆ ಒಂದು ಕಡೆಗೆ ವಾಲುತ್ತದೆ, ಬೆರಳು ಸಿಕ್ಕಿಕೊಂಡರೆ ಕಥೆ ಮುಗೀತು. ಹಕ್ಕಿಗೆ, ಉದ್ದ ಲೆನ್ಸನ್ನು ಸಮತೋಲದಲ್ಲಿ ತೂಗಿ ಹಿಡಿಯುವ ಗಿಂಬಲ್ ಹೆಡ್ ವಾಸಿ. ಪ್ಲೇಟು ಬಹಳ ಕಂಪನಿಗಳು ಬಳಸುವ ಆರ್ಕಾ ಮಾದರಿಯದಾಗಿರಲಿ, ಕಳೆದುಹೋದರೆ ಬೇರೆ ಕಂಪನಿಯದೂ ಸಾಮಾನ್ಯವಾಗಿ ಕೂರುತ್ತದೆ. ಅದೇ ಕಂಪನಿಯ ವಿಚಿತ್ರ ಆಕಾರದ ಪ್ಲೇಟು ಕಳೆದರೆ ಇಡೀ ಟ್ರೈಪಾಡ್ ಮೂಲೆಗೆ.

ಹುಣಸೆಮರದ_ಹಕ್ಕಿ:

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಮತ್ತೆ ಕೂತು ನೋಡಿದೆ. ಮೊದಲನೆಯದರಲ್ಲಿ ಕಾಲಿನ ದಪ್ಪ ಎಲ್ಲೂ ಇಲ್ಲ, ನಾಲ್ಕು ತುಂಡು, ಮೂರು ಸ್ಟಾರಿನವರಲ್ಲಿ ಆರು ಜನ 'ಕಾಲು ಜಾರುತ್ತದೆ' ಅಂದಿದ್ದಾರೆ. ಐದು ಸ್ಟಾರಿನ ಫೋಟೋಗಳಲ್ಲಿ ಮುಕ್ಕಾಲುಪಾಲು ಮೊಬೈಲೇ. ಎರಡನೆಯದು 28 ಮಿ.ಮೀ, ಮೂರು ತುಂಡು, ಕಂಬ ಎತ್ತದೆ 150 ಸೆಂ.ಮೀ. ಹೆಡ್ಡು ಬಿಚ್ಚಬಹುದು. ಅದನ್ನೇ ತರಿಸುತ್ತೇನೆ. ಬಂದ ಮೇಲೆ ಮನೆಯಲ್ಲೇ ಪರೀಕ್ಷೆ ಮಾಡೋಕೆ ದಾರಿ ಇದೆಯಾ?

ದುರ್ಗದ_ಬೆಳಗು:

ಇದೆ. ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಮಾಡಿ. ಕಾಲೆಲ್ಲ ಪೂರ್ತಿ ಎಳೆದು, ಕಂಬ ಇಳಿಸಿ, ಲೆನ್ಸಿನ ಕಾಲರಿಗೇ (ಲೆನ್ಸಿನ ಸುತ್ತ ಇರುವ ಬಳೆ) ಪ್ಲೇಟ್ ಹಾಕಿ ಕೂರಿಸಿ, ಕ್ಯಾಮೆರಾದ ತಳಕ್ಕೆ ಹಾಕಬೇಡಿ. ಲೆನ್ಸಿನ ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಆಫ್ ಮಾಡಿ. 600ಕ್ಕೆ ಎಳೆದು ಎದುರು ಮನೆ ಮೀಟರ್ ಬೋರ್ಡಿನ ಅಂಕಿಗೆ ಗುರಿಯಿಟ್ಟು ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಹಿಂದಿನ ಪರದೆಯಲ್ಲಿ, ಹತ್ತು ಪಟ್ಟು ದೊಡ್ಡದು ಮಾಡಿ. ಈಗ ಒಂದು ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅಂಕಿ ಕುಣಿಯೋದು ನಿಲ್ಲೋಕೆ ಎಷ್ಟು ಸೆಕೆಂಡ್ ಅಂತ ಎಣಿಸಿ. ಒಂದೆರಡಕ್ಕೆ ನಿಂತರೆ ಇಟ್ಟುಕೊಳ್ಳಿ. ಐದಾರು ಸೆಕೆಂಡ್ ಕುಣಿಯುತ್ತಲೇ ಇದ್ದರೆ ಅವತ್ತೇ ಪ್ಯಾಕ್ ಮಾಡಿ ಕಳಿಸಿ. ಆಮೇಲೆ ಎಲ್ಲ ಲಾಕ್ ಹಾಕಿ ಪ್ರತಿ ಕಾಲಿಗೂ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಅದೇ ಭಾರ ಹೊರಿಸಿ ಅರ್ಧ ಗಂಟೆ ಬಿಡಿ. ಗುರುತು ಒಳಗೆ ಹೋಗಿದ್ದರೆ ಲಾಕ್ ಜಾರಿದೆ ಅಂತ ಅರ್ಥ.

ಪರೀಕ್ಷೆ ಮಾಡಿದ ಮೇಲೆ ಸೆಕೆಂಡ್ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.